ಉಳಿದವನನ್ನೇ ಯಾಕೆ ಕೇಳ್ತಾರೆ?

ಪ್ರೀತಿಯ ಸುಬ್ಬು,

ಮೊನ್ನೆ ನೀನು ಫೋನಿನಲ್ಲಿ "ಜರ್ಮನಿ ಪಾಸ್‌ಪೋರ್ಟಿಗೆ ಅರ್ಜಿ ಹಾಕ್ಲಾ, ಬೇಡ್ವಾ" ಎಂದು ಕೇಳಿದೆ. ನಾನು ಅಡಿಕೆಯ ಎಲೆಚುಕ್ಕಿ ರೋಗದ ವಿಷಯ ತೆಗೆದು ಮಾತು ಹಾರಿಸಿದೆ. ಈಗ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ ಮಾರಾಯ. ಶಿರಸಿ ಸೀಮೆಯಲ್ಲಿ ಕೇರಿಗೊಬ್ಬ ಸುಬ್ಬು ಇದ್ದಾನೆ, ಪಕ್ಕದ ಮನೆಯಲ್ಲಿ ನನ್ನಂಥವನೊಬ್ಬ ಇದ್ದಾನೆ. ಅವರೂ ಓದಲಿ. ಮೂರನೇ ಬೆಂಚಿನ ಒಪ್ಪಂದದ ವಿಷಯ ಮಾತ್ರ ಇಲ್ಲಿ ಬರೆಯೋದಿಲ್ಲ, ಆಣೆ.

ಮೊದಲು ಕಾಗದಪತ್ರದ ವಿಷಯ ಮುಗಿಸಿಬಿಡ್ತೇನೆ. 2024ರ ಜೂನ್ 27ಕ್ಕೆ ಜಾರಿಗೆ ಬಂದ ಕಾನೂನಿನಂತೆ ಜರ್ಮನಿಯಲ್ಲಿ ಐದು ವರ್ಷ ಇದ್ದವರು ಪೌರತ್ವ ಕೇಳಬಹುದು. ಹಳೆಯದನ್ನು ಬಿಟ್ಟು ಬಾ ಎಂದು ಅವರು ಹೇಳುವುದಿಲ್ಲ. ಬಿಡು ಅನ್ನುವುದು ನಮ್ಮ ಕಾನೂನು. ಆಮೇಲೆ ಬೇರೆ ದೇಶದ ಪೌರರಾದ ನಮ್ಮವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಂಡರೆ ಬೇಕಾದಾಗ ಬಂದು ಹೋಗಬಹುದು, ಮತ ಹಾಕುವ ಹಾಗಿಲ್ಲ. ಕೃಷಿ ಜಮೀನು ಕೊಳ್ಳುವ ಹಾಗೂ ಇಲ್ಲ, ಅದು ಹೊರದೇಶದಲ್ಲಿ ನೆಲೆಸಿದ ನಿನಗೆ ಈಗಲೂ ಆಗುವುದಿಲ್ಲ. ಆದರೆ ಅಪ್ಪಯ್ಯನಿಂದ ವಾರಸಾಗಿ ಬರುವ ತೋಟಕ್ಕೆ ಅಡ್ಡಿಯಿಲ್ಲ. ಪಕ್ಕದ ಅರ್ಧ ಎಕರೆ ಸೇರಿಸಿಕೊಳ್ಳುವ ಆಸೆ ಬಿಡಬೇಕು, ಅಷ್ಟೇ.

ಇಷ್ಟನ್ನು ನಾನು ಮೊನ್ನೆಯೇ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಇವನಿಗೆ ಇಲ್ಲಿ ಏನು ಕಡಿಮೆ ಇತ್ತು?

ನಿಮ್ಮ ಮನೆಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ನೀರು ಇಳಿದು ಬರುತ್ತದೆ. ಪಂಪಿಲ್ಲ, ಬಿಲ್ಲಿಲ್ಲ. ಅಡಿಕೆ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿದೆ. ಹಿತ್ತಿಲ ಸೊಪ್ಪು ತಂದು ದಿನಕ್ಕೊಂದು ತಂಬುಳಿ. ಬೆಂಗಳೂರಿನಲ್ಲಿ ಇದ್ದಾಗಲೂ ನಿನ್ನ ಸಂಬಳ ಚೆನ್ನಾಗಿಯೇ ಇತ್ತು, ಮನೆಗೆ ದುಡ್ಡು ಕಳಿಸು ಎಂದು ಕೇಳುವವರೂ ಇರಲಿಲ್ಲ. ಆದರೂ ಹೋದೆ.

ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ ನೋಡಿದೆ. 2022ರಲ್ಲಿ 2,25,620 ಜನ, 2023ರಲ್ಲಿ 2,16,219 ಜನ ಭಾರತದ ಪೌರತ್ವ ಬಿಟ್ಟಿದ್ದಾರೆ. ಇವರಲ್ಲಿ ಹೊಟ್ಟೆಗಿಲ್ಲದವರು ಎಷ್ಟು ಜನ ಇರಬಹುದು ಹೇಳು? ಊಟಕ್ಕಿಲ್ಲದವನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ಮ್ಯೂನಿಕ್ಕಿಗೆ ಹೋಗೋದಕ್ಕೆ ಓದಿರಬೇಕು, ಟಿಕೆಟ್ಟಿಗೆ ದುಡ್ಡಿರಬೇಕು, ಅಲ್ಲಿ ಸರಿಹೋಗದಿದ್ದರೆ ವಾಪಸು ಬಂದು ಬೀಳೋದಕ್ಕೆ ಒಂದು ಮನೆ ಇರಬೇಕು. ಬಡ ದೇಶ ಸ್ವಲ್ಪ ಚೇತರಿಸಿಕೊಂಡಾಗಲೇ ಹೊರಗೆ ಹೋಗುವವರು ಜಾಸ್ತಿ ಆಗುತ್ತಾರೆ ಎಂದು ವಲಸೆಯನ್ನು ಅಧ್ಯಯನ ಮಾಡುವವರೂ ಹೇಳುತ್ತಾರೆ. ಅಂದರೆ ನಿನ್ನನ್ನು ಕಳಿಸಿದ್ದು ಆ ತೋಟವೇ ಸುಬ್ಬು. ಅಪ್ಪಯ್ಯ ಮಳೆಗಾಲದಲ್ಲಿ ಗೊನೆಗಳಿಗೆ ಮದ್ದು ಹೊಡೆಸಿ ಉಳಿಸಿಕೊಂಡ ಅಡಿಕೆಯೇ ನಿನಗೆ ವೀಸಾ ಆಯಿತು.

ನಿನ್ನ ಪಕ್ಕದ ಸೀಟಿನ ಜರ್ಮನ್ ಹುಡುಗ ಜ್ಯೂರಿಕ್ಕಿಗೆ ಹೊರಟ ಅಂದೆಯಲ್ಲ, ಅದೂ ತಲೆಯಲ್ಲಿ ಕೊರೆಯುತ್ತಿದೆ. 2005ರಿಂದ ಪ್ರತಿವರ್ಷ ತಾಯ್ನಾಡಿಗೆ ಮರಳಿದ ಜರ್ಮನರಿಗಿಂತ ಬಿಟ್ಟು ಹೋದ ಜರ್ಮನರೇ ಜಾಸ್ತಿಯಂತೆ, ಅದರಲ್ಲೂ ಸ್ವಿಟ್ಜರ್ಲೆಂಡಿಗೆ. ನೀನು ಯಾವ ರಸ್ತೆ, ಯಾವ ಆಸ್ಪತ್ರೆ, ಯಾವ ರೈಲು ನೋಡಿ ಹೋದೆಯೋ ಅವೆಲ್ಲ ಹುಟ್ಟಿದಾಗಿನಿಂದ ಇದ್ದವನೂ ಪೆಟ್ಟಿಗೆ ಕಟ್ಟುತ್ತಾನೆ. ಹಾಗಾದರೆ ಅನುಕೂಲದ ಲೆಕ್ಕ ಹಾಕಿ ಇದನ್ನು ಬಿಡಿಸೋದಕ್ಕೆ ಆಗೋದಿಲ್ಲ.

ಇಲ್ಲಿ ಎಲ್ಲ ಸುಖವಾಗಿದೆ ಎಂದೂ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2022ರಲ್ಲಿ ಇಡೀ ಉತ್ತರ ಕನ್ನಡ ಕೂಗಿತು. ಈಗಲೂ ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಘಟ್ಟದ ಮೇಲಿನ ವಯಸ್ಸಾದವರಿಗೆ ರಾತ್ರಿ ಎದೆ ನೋವು ಬಂದರೆ ಆ ದಾರಿ ಎಷ್ಟು ಉದ್ದ ಎನ್ನುವುದು ನಿನಗೂ ಗೊತ್ತು.

ಆದರೆ ನನ್ನನ್ನು ಕಾಡುತ್ತಿರೋದು ಇನ್ನೊಂದು. ಯಾವುದೇ ಮದುವೆ ಮನೆಗೆ ಹೋಗು, ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ನಿನ್ನ ಅಪ್ಪಯ್ಯನನ್ನು "ಮಗ ಎಲ್ಲಿದ್ದಾನೆ" ಎಂದು ಕೇಳುತ್ತಾರೆ. "ಜರ್ಮನಿ" ಅಂದರೆ ಸಾಕು, ಮುಂದೆ ಪ್ರಶ್ನೆಯೇ ಇಲ್ಲ. ಅಲ್ಲಿ ಏನು ಮಾಡ್ತಾನೆ, ಖುಷಿಯಾಗಿದ್ದಾನಾ, ಚಳಿಗಾಲದ ಸಂಜೆ ಯಾರ ಹತ್ತಿರ ಮಾತಾಡ್ತಾನೆ, ಯಾರೂ ಕೇಳುವುದಿಲ್ಲ. ಅದೇ ನನ್ನ ಕಡೆ ತಿರುಗಿ, "ನೀನೂ ಓದಿದ್ದೆಯಲ್ಲ, ಇಲ್ಲೇ ಯಾಕೆ ಉಳಿದೆ?" ಹೋದವನು ಉತ್ತರ ಕೊಡಬೇಕಾಗಿಲ್ಲ. ಉಳಿದವನು ಪ್ರತಿ ಮದುವೆಯಲ್ಲೂ ಕೊಡಬೇಕು. ಒಳ್ಳೆ ಬೆಳೆ ಬಂದಿದೆ, ದೋಟಿಯಲ್ಲಿ ಅಡಿಕೆ ಗೊನೆ ಇಳಿಸೋದನ್ನು ಕಲಿತಿದ್ದೇನೆ, ಆಯಿ ಜೊತೆಗಿದ್ದಾಳೆ ಎಂದೆಲ್ಲ ಹೇಳುತ್ತೇನೆ. ಅವರು ತಲೆ ಆಡಿಸುತ್ತಾರೆ. ಪಾಪ ಎನ್ನುವ ಹಾಗೆ.

ಈ ಪ್ರಶ್ನೆಯೇ ಜನರನ್ನು ಎಬ್ಬಿಸಿ ಕಳಿಸುತ್ತದೆ ಎಂದು ನನಗೆ ಈಗೀಗ ಗಟ್ಟಿಯಾಗಿ ಅನ್ನಿಸುತ್ತಿದೆ. ಇಪ್ಪತ್ತೆರಡರ ಹುಡುಗ ಸಂಬಳದ ಲೆಕ್ಕಕ್ಕಿಂತ ಮೊದಲು ಇದನ್ನು ಕೇಳಿಸಿಕೊಳ್ಳುತ್ತಾನೆ. ಉಳಿದರೆ ಹೆಣ್ಣು ಕೊಡುವವರಿಲ್ಲ ಎನ್ನುವುದನ್ನೂ ನೋಡುತ್ತಾನೆ. ನಮ್ಮೂರಲ್ಲೇ ನಲವತ್ತಾದರೂ ಮದುವೆಯಾಗದೆ ತೋಟ ನೋಡಿಕೊಂಡಿರುವವರು ಎಷ್ಟು ಜನ, ನೀನೇ ಎಣಿಸು. ಎಲ್ಲರದ್ದೂ ಒಳ್ಳೆಯ ಮನೆ, ಒಳ್ಳೆಯ ಫಸಲು. ಒಬ್ಬ ಹೋದ ಅಂತ ಇನ್ನೊಬ್ಬ ಹೋಗುತ್ತಾನೆ. ಯಕ್ಷಗಾನದ ತಾಳಮದ್ದಲೆಗೆ ಅರ್ಥ ಹೇಳುವವರು ಸಿಗುವುದಿಲ್ಲ, ಶಾಲೆಗೆ ಮಕ್ಕಳು ಸಾಲುವುದಿಲ್ಲ. ಆಗ ಉಳಿದವನಿಗೆ ನಿಜವಾಗಿಯೂ ಉತ್ತರ ಕಷ್ಟವಾಗುತ್ತದೆ.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ?

ನನ್ನ ಮಗಳು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಹೊರಗೆ ಹೋಗುತ್ತೇನೆ ಎಂದು ಅವಳು ಒಂದು ದಿನವೂ ಹೇಳಿಲ್ಲ. ನಾನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ನೋಡುತ್ತೇನೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀ ಇಲ್ಲ. ನಮ್ಮ ಮಕ್ಕಳು ಅಂಕಪಟ್ಟಿ ಅಸಲಿ ಎಂದು ತೋರಿಸುವ ಎಪಿಎಸ್ ಸರ್ಟಿಫಿಕೇಟ್ ಮಾಡಿಸಬೇಕು. ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚಿಗೆ 11,904 ಯೂರೋ ಇಡಬೇಕು, 12 ಲಕ್ಷ ರೂಪಾಯಿಗೂ ಮೇಲೆ. ಕಳೆದ ಸಲದ ರಾಶಿ ಅಡಿಕೆ ದುಡ್ಡಿನಲ್ಲಿ ಒಂದು ಪಾಲನ್ನು ಅದಕ್ಕೆಂದೇ ತೆಗೆದಿಟ್ಟಿದ್ದೇನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇವತ್ತು ಗೊತ್ತಾಗುತ್ತದೆ.

ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಪಂಕ್ತಿಯಲ್ಲಿ ಕೂತು ಅವಳು ಆ ಉತ್ತರ ಕೊಡೋದು ನನಗೆ ನೋಡೋಕಾಗೋದಿಲ್ಲ. ಇನ್ನೂ ಒಂದಿದೆ. ತೋಟ ನೋಡಿಕೊಂಡಿರುವ ಒಳ್ಳೆ ಹುಡುಗನಿದ್ದಾನೆ, ಮಗಳನ್ನು ಕೊಡುತ್ತೀಯಾ ಎಂದು ನಾಳೆ ಯಾರಾದರೂ ಕೇಳಿದರೆ ನಾನು ಹೂಂ ಅನ್ನುತ್ತೇನಾ? ಬಾಯಿ ಬರುತ್ತಿಲ್ಲ ಸುಬ್ಬು. ನಾನೇ ಬದುಕುತ್ತಿರುವ ಬದುಕು, ನನಗೆ ಇಷ್ಟವಾದ ಬದುಕು, ಮಗಳಿಗೆ ಬೇಡ ಅನ್ನಿಸುತ್ತದೆ. ನಿನ್ನನ್ನು ಕಳಿಸುವಾಗ ಅಪ್ಪಯ್ಯನಿಗೂ ಹೀಗೇ ಆಗಿತ್ತಾ? ಅವರನ್ನು ಕೇಳುವ ಧೈರ್ಯ ನನಗಿಲ್ಲ, ನೀನಾದರೂ ಕೇಳು.

ಆಯಿ ಈಗ ಚುರುಕಾಗಿದ್ದಾಳೆ. ನಿಮ್ಮ ಆಯಿಯ ವಿಷಯ ಹೇಳುತ್ತಿದ್ದೇನೆ. ಗೋಡೆ ಗಡಿಯಾರ ನೋಡಿ ನಾಲ್ಕೂವರೆ ಗಂಟೆ ಕಳೆದು "ಈಗ ಅವನಿಗೆ ತಿಂಡಿ ಹೊತ್ತು" ಅನ್ನುತ್ತಾಳೆ. ಮಾರ್ಚ್ ಕೊನೆಯಲ್ಲಿ ಅದು ಮೂರೂವರೆ ಆಗುತ್ತದೆ ಅಂದರೆ ಸುತಾರಾಂ ಒಪ್ಪುವುದಿಲ್ಲ. ದೇಶ ಅಂದ ಮೇಲೆ ಒಂದೇ ಗಂಟೆ ಇರಬೇಕು ಎಂದು ನನ್ನ ಜೊತೆ ಜಗಳಕ್ಕೇ ಬಂದಳು.

ಪಾಸ್‌ಪೋರ್ಟ್ ವಿಷಯದಲ್ಲಿ ನಿನ್ನ ಮನಸ್ಸು ಎತ್ತ ಎಳೆಯುತ್ತದೋ ಹಾಗೆ ಮಾಡು. ನಾನು ಸಿಟ್ಟಾಗುವುದಿಲ್ಲ. ಮಗಳಿಗೆ ಯಾವ ಊರಿನಲ್ಲಿ ಬಾಡಿಗೆ ಕಡಿಮೆ ಅನ್ನೋದನ್ನು ಮಾತ್ರ ನನಗೆ ಬೇರೆಯಾಗಿ ಬರೆದು ಕಳಿಸು. ಮಾರಿಕಾಂಬೆ ಜಾತ್ರೆಗೆ ಬರುವುದಾದರೆ ಈಗಲೇ ರಜೆ ಹಾಕು. ಹೋದ ಜಾತ್ರೆಯಲ್ಲಿ ತೊಟ್ಟಿಲಿಗೆ ನಾನು ಹತ್ತಿದ್ದೇನೆ, ಈ ಸಲ ನಿನ್ನ ಸರದಿ, ಮತ್ತೆ ಮಂಜಣ್ಣನ ಚಪ್ಪಲಿ ಕಥೆ ಹೇಳಿ ತಪ್ಪಿಸಿಕೊಳ್ಳೋಕೆ ಬಿಡೋದಿಲ್ಲ.

ನಿನ್ನ,
ಗಣಪು