ಕಾಗದದ ಬಿಳಿ, ಗೋಡೆಯ ಬಿಳಿ

ಕಾರವಾರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಕೂತಿದೆ. “ಇನ್ನೊಬ್ಬರ ಚಿತ್ರ ನೋಡಿ ನೋಡಿ ಬರೀತಾ ಕೂತರೆ ನಿನ್ನದು ಅಂತ ಬರೆಯೋದು ಯಾವಾಗ ಮಾರಾಯಾ?” ಆಗ ಏನೋ ಹೇಳಿ ಮಾತು ಮುಗಿಸಿದೆ. ಹೊರಗೆ ಜೋರು ಮಳೆ, ಬಣ್ಣ ಹಚ್ಚಿಟ್ಟ ಹಾಳೆ ಒಣಗೋದು ಇನ್ನೂ ತಡ. ಅಷ್ಟರಲ್ಲಿ ಸರಿಯಾದ ಉತ್ತರ ಬರೆದುಬಿಡ್ತೇನೆ.

ಎರಡು ತಿಂಗಳಿಂದ ಒಂದೇ ಚಿತ್ರದ ಬೆನ್ನು ಹತ್ತಿದ್ದೇನೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾವಿಬ್ಬರೂ ನೋಡಿದ್ದೆವಲ್ಲ, ದೀಪ ಹಿಡಿದು ನಿಂತ ಹೆಂಗಸು. ರವಿವರ್ಮನದು ಅಂತ ನೀನು ಅಂದಿದ್ದೆ; ಬಹಳ ಜನ ಹಾಗೇ ತಿಳಿದಿದ್ದಾರೆ. ಬರೆದವರು ನಮ್ಮ ಕೊಂಕಣ ಪಟ್ಟಿಯವರೇ, ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಲ್ದಂಕರ್. 1940ರ ದಶಕದ ಚಿತ್ರ ಅದು. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಮತ್ತೆ ಅದು ತೈಲವರ್ಣ ಅಲ್ಲ, ಜಲವರ್ಣ. ಈ ಒಂದು ಸಂಗತಿಗಾಗಿಯೇ ನಾನು ಅದನ್ನ ಆರಿಸಿಕೊಂಡೆ. ತೈಲವರ್ಣದಲ್ಲಾದರೆ ಬೆಳಕನ್ನ ಕಡೆಗೆ ಮೇಲಿನಿಂದ ಮೆತ್ತಬಹುದು. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದ. ಎಲ್ಲಿ ಬೆಳಕು ಬೇಕೋ ಅಲ್ಲಿ ಮೊದಲ ದಿನದಿಂದಲೇ ಬಣ್ಣ ತಾಗದ ಹಾಗೆ ಕಾಯಬೇಕು.

ಇದು ಓದಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೊದಲ ಹಾಳೆಯಲ್ಲಿ ಹಿಂದಿನ ಕತ್ತಲೆಗೆ ಕಪ್ಪು ಬಣ್ಣವನ್ನೇ ಬಳಿದೆ. ಗೋಡೆಗೆ ಡಾಂಬರು ಹಚ್ಚಿದ ಹಾಗಾಯ್ತು. ಮೂರನೇ ಹಾಳೆಗೆ ಬರುವಾಗ ಕಂದು, ನೀಲಿ, ಮತ್ತೆ ಕಂದು ಅಂತ ತೆಳುವಾಗಿ ಒಂದರ ಮೇಲೊಂದು ಹಾಕತೊಡಗಿದೆ. ಆಗ ಕತ್ತಲೆಯೊಳಗೂ ಗಾಳಿ ಬಂತು. ಆದರೆ ಪ್ರತಿ ಪದರವೂ ಪೂರ್ತಿ ಒಣಗಬೇಕು. ಕಾರವಾರದ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗ್ತದೆ, ಇನ್ನು ನೀರು ಕುಡಿದ ಕಾಗದ ಒಣಗೋದು ಎಲ್ಲಿಂದ? ಅವಸರ ಮಾಡಿದರೆ ಕೆಳಗಿನ ಬಣ್ಣ ಎದ್ದು ರಾಡಿ. ಈಗ ಬಚ್ಚಲೊಲೆಯ ಪಕ್ಕ, ಹೊಗೆ ತಾಗದಷ್ಟು ದೂರದಲ್ಲಿ ಹಲಗೆ ಒರಗಿಸಿಡ್ತೇನೆ. ದಿನಕ್ಕೆ ಎರಡು ಪದರ, ಅಷ್ಟೇ.

ಎಲ್ಲಕ್ಕಿಂತ ಕಾಡಿಸಿದ್ದು ಆ ಬೆರಳುಗಳು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ನಾನು ಬೆರಳಿಗೆಲ್ಲ ಒಂದೇ ಕೇಸರಿ ಹಚ್ಚಿದ್ದೆ. ಗಜ್ಜರಿ ಜೋಡಿಸಿಟ್ಟ ಹಾಗೆ ಕಾಣ್ತಿತ್ತು. ತಪ್ಪು ಎಲ್ಲಿ ಅಂತ ಹೊಳೆಯಲಿಲ್ಲ. ಒಂದು ರಾತ್ರಿ ಲೈಟು ಆರಿಸಿ, ಆಯಿಯ ಕೈಯಲ್ಲಿ ದೇವರ ದೀಪ ಕೊಟ್ಟು ನಿಲ್ಲಿಸಿದೆ. ಸುಡ್ತದೆ, ಬೇಗ ನೋಡು ಅಂದಳು. ಎರಡು ನಿಮಿಷ ನೋಡಿದೆ. ಬೆರಳಿನ ನಡುಭಾಗ ಮಬ್ಬು. ಕೆಂಪು ಇರೋದು ಅಂಚಿನಲ್ಲಿ, ಎರಡು ಬೆರಳು ಕೂಡುವ ಸಂದಿಯಲ್ಲಿ, ರಕ್ತವೇ ಬೆಳಗಿದ ಹಾಗೆ. ನಲವತ್ತು ವರ್ಷದಿಂದ ಕಂಡ ಕೈ ಅದು. ಹಲ್ದಂಕರರ ಬೆರಳುಗಳ ಹತ್ತಿರ ನಾನು ಸೋಲದೇ ಇದ್ದಿದ್ದರೆ ಆಯಿಯ ಬೆರಳನ್ನ ಹಾಗೆ ನೋಡ್ತಲೇ ಇರಲಿಲ್ಲ.

ಹಾಗಾಗಿ ನಕಲು ಅನ್ನೋ ಮಾತು ನನಗೆ ಚುಚ್ಚೋದಿಲ್ಲ. ನಿನ್ನ ತಮ್ಮ ಯಕ್ಷಗಾನ ಕಲಿಯುವಾಗ ಭಾಗವತರ ಮುಂದೆ ಗುರುಗಳ ಹೆಜ್ಜೆಯನ್ನೇ ಹಾಕಿದ್ದಲ್ಲವಾ? ಡಚ್ ಚಿತ್ರಕಾರ ವ್ಯಾನ್ ಗೋ ಕೂಡ 1889-90ರಲ್ಲಿ ಫ್ರಾನ್ಸಿನ ಸಾಂ ರೆಮಿಯ ಆಸ್ಪತ್ರೆಯಲ್ಲಿದ್ದಾಗ, ಮಿಲೆ ಅನ್ನೋ ಫ್ರೆಂಚ್ ಚಿತ್ರಕಾರನ ರೈತರ ಚಿತ್ರಗಳನ್ನ ನೋಡಿ ಇಪ್ಪತ್ತರಷ್ಟು ಬರೆದ. ಎದುರಿಗಿದ್ದದ್ದು ಕಪ್ಪು-ಬಿಳಿ ಪ್ರತಿ, ಬಣ್ಣವೆಲ್ಲ ಅವನದೇ. ಬೀಥೋವನ್ ರಚನೆಯನ್ನ ನುಡಿಸುವವ ತನ್ನದೂ ಒಂದಿಷ್ಟು ಸೇರಿಸ್ತಾನಲ್ಲ, ಇದೂ ಹಾಗೇ ಅಂತ ತನ್ನ ತಮ್ಮ ಥಿಯೋಗೆ ಪತ್ರ ಬರೆದಿದ್ದ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಕಲಾವಿದರು ಚಿತ್ರಗಳೆದುರು ಈಸೆಲ್ ಇಟ್ಟು ನಕಲು ಮಾಡ್ತಾರೆ. ನಕಲು ಮೂಲದ ಅಳತೆಯಲ್ಲಿ ಇರಬಾರದು, ಅಷ್ಟೇ. ನಾನೂ ಚಿಕ್ಕ ಹಾಳೆಯಲ್ಲೇ ಬರೀತೇನೆ. ಹಿಂದುಗಡೆ ‘ಹಲ್ದಂಕರ್ ಚಿತ್ರ ನೋಡಿ ಬರೆದದ್ದು’ ಅಂತ ದಪ್ಪಕ್ಷರದಲ್ಲಿ ಬರೆದಿಡ್ತೇನೆ. ಅದನ್ನ ಬರೆಯದೇ ಇದ್ದರೆ ಕಳ್ಳತನ.

ಈಗ ನಿನಗೆ ಹೇಳಲೇಬೇಕಾದ ವಿಷಯ. ಹೋದ ವಾರ ಶಿರಸಿಗೆ ಬಂದವ ಮಾರಿಕಾಂಬಾ ದೇವಸ್ಥಾನಕ್ಕೆ ಹೋಗಿದ್ದೆ. ಆ ಗೋಡೆಯ ಕಾವಿ ಚಿತ್ರಗಳನ್ನ ಸಣ್ಣವರಿದ್ದಾಗಿಂದ ನೋಡ್ತಾ ಬಂದವರು ನಾವು. ಬಿಳಿ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದು ಅಂತಲೇ ನನ್ನ ಕಣ್ಣು ಓದ್ತಿತ್ತು. ಈ ಸಲ ಒಂದು ಬಳ್ಳಿಯ ಹತ್ತಿರ ಕಣ್ಣಿಟ್ಟು ನಿಂತೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ. ಅದು ಹಸಿ ಇರುವಾಗಲೇ ಮೊನೆಯಿಂದ ಗೀರಿ ಕೆಂಪನ್ನ ತೆಗೆದಿದ್ದಾರೆ. ಬಿಳಿಯನ್ನ ಯಾರೂ ಹಚ್ಚಿಲ್ಲ, ಅದು ಮೊದಲೇ ಅಡಿಯಲ್ಲಿ ಇತ್ತು. ನನ್ನ ಹಾಳೆಯಲ್ಲಿ ನಾನು ಮುಟ್ಟದೇ ಕಾದ ಬಿಳಿ, ಅಲ್ಲಿ ಅವರು ಕೆರೆದು ಹೊರಗೆ ತಂದ ಬಿಳಿ. ಮೈ ಜುಂ ಅಂದಿತು ಮಾರಾಯಾ, ಅರ್ಚಕರು ಬಂದು ಮಂಗಳಾರತಿಗೆ ಕರೆಯೋವರೆಗೂ ಅಲ್ಲೇ ನಿಂತಿದ್ದೆ.

ಮುಂದಿನ ನಕಲು ಆ ಬಳ್ಳಿ. ಕಾಗದದ ಮೇಲಲ್ಲ, ಹಲಗೆಗೆ ಗಾರೆ ಹಚ್ಚಿ, ಅವರು ಮಾಡಿದ ಹಾಗೇ. ಮಳೆ ಹಿಂದಾದ ಮೇಲೆ ನಾಲ್ಕು ದಿನ ರಜೆ ಹಾಕಿ ಊರಿಗೆ ಬಾ. ಕೆಮ್ಮಣ್ಣು ನಾನು ಜರಡಿ ಹಿಡಿದು ಇಟ್ಟಿರ್ತೇನೆ. ನಿಮ್ಮನೆ ಅಟ್ಟ ಕಟ್ಟಿದ ಹಳೇ ಗಾರೆ ಕೆಲಸದವರು ಇನ್ನೂ ಇದ್ದರೆ ಸುಣ್ಣ ಎಷ್ಟು ದಿನ ನೆನೆಸಬೇಕು ಅಂತ ಕೇಳಿಡು.

ನಿನ್ನ ಗೆಳೆಯ