ಪ್ಯಾಡ್ ಬದಲಿಸಿದರಷ್ಟೇ ಬ್ರೇಕ್ ದುರಸ್ತಿಯಾಗದು

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಭಾಗದ ರಸ್ತೆಗಳಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಸಾಗುವ ಕಾರಿನವರು ಮೇಲಿಂದ ಮೇಲೆ ಬ್ರೇಕ್ ಒತ್ತಲೇಬೇಕು. ಆ ಬ್ರೇಕಿನ ದುರಸ್ತಿಯು ನಾನು ಕಂಡ ಕೆಲವು ಗ್ಯಾರೇಜುಗಳಲ್ಲಿ ಪ್ಯಾಡ್ (ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಬಿಲ್ಲೆ) ಬದಲಿಸುವುದಕ್ಕೇ ಮುಗಿದುಹೋಗುತ್ತಿರುವುದು ಕಳವಳದ ಸಂಗತಿ.

ನಮ್ಮ ಕಾರಿನ ಮುಂದಿನ ಎಡಗಾಲಿಯಲ್ಲಿ ಒಳಬದಿಯ ಪ್ಯಾಡ್ ಕಬ್ಬಿಣದ ತಗಡಿನವರೆಗೆ ಸವೆದು ಡಿಸ್ಕಿನ ಮೇಲೆ ಗೀರು ಬಿದ್ದಿತ್ತು. ಹೊರಬದಿಯ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಕಾರಣ ಕೇಳಿದರೆ ‘ರಸ್ತೆ ಸರಿ ಇಲ್ಲರೀ’ ಎಂದು ಹೇಳಿ ಹೊಸ ಜೋಡಿ ಹಾಕಿ ಕಳಿಸಿದರು. ಕೆಲವೇ ತಿಂಗಳಲ್ಲಿ ಅದೇ ಪ್ಯಾಡ್ ಮತ್ತೆ ಸವೆಯಿತು. ಬೇರೊಬ್ಬ ಮೇಸ್ತ್ರಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಕೀಳಲು ಹೋದಾಗ ಅದು ಅಲ್ಲಾಡಲೇ ಇಲ್ಲ. ಪಿನ್ನಿಗೆ ಹೊದಿಸಿದ ರಬ್ಬರ್ ಬೂಟು ಹರಿದು, ಅದರೊಳಗೆ ನೀರು ಮತ್ತು ಎರೆಮಣ್ಣಿನ ಧೂಳು ಸೇರಿ, ಗ್ರೀಸ್ ಒಣಗಿ, ಪಿನ್ ತುಕ್ಕು ಹಿಡಿದು ಕೂತಿತ್ತು.

ಬಹುತೇಕ ಸಣ್ಣ ಕಾರುಗಳಲ್ಲಿ, ಬ್ರೇಕ್ ಎಣ್ಣೆಯ ಒತ್ತಡದಿಂದ ಮುಂದೆ ಸರಿಯುವ ಪಿಸ್ಟನ್ ಒಳಬದಿಗೆ ಮಾತ್ರ ಇದ್ದು, ಅದು ಒಳಪ್ಯಾಡನ್ನು ಡಿಸ್ಕಿಗೆ ಒತ್ತಿದ ಮೇಲೆ ಇಡೀ ಕ್ಯಾಲಿಪರ್ ಪಿನ್‌ಗಳ ಮೇಲೆ ಜಾರಿ ಹೊರಪ್ಯಾಡನ್ನು ಎಳೆದು ತರಬೇಕು. ಪಿನ್ ಜಾಮ್ ಆದರೆ ಭಾರವೆಲ್ಲ ಒಳಪ್ಯಾಡಿನ ಮೇಲೆಯೇ ಬೀಳುತ್ತದೆ. ಗಾಲಿಯ ಸಂದಿಯಿಂದ ಇಣುಕಿ ನೋಡುವವರಿಗೆ ಕಾಣುವುದು ಹೊರಪ್ಯಾಡ್ ಮಾತ್ರ. ಆದ್ದರಿಂದ ಗಾಲಿ ಬಿಚ್ಚದೆ ‘ಪ್ಯಾಡ್ ಇನ್ನೂ ಇದೆ’ ಎನ್ನುವ ಮಾತನ್ನು ನಂಬಲಾಗದು. ಎಡ ಬಲ ಗಾಲಿಗಳ ನಡುವೆ ವ್ಯತ್ಯಾಸ ಕಂಡರೆ ಪಿಸ್ಟನ್ ಅಂಟಿಕೊಂಡಿರಬಹುದು, ಇಲ್ಲವೇ ಬ್ರೇಕ್ ಹೋಸ್ (ಎಣ್ಣೆ ಸಾಗುವ ರಬ್ಬರ್ ಕೊಳವೆ) ಒಳಗೇ ಉಬ್ಬಿ ಒತ್ತಡವನ್ನು ಬಿಡದಿರಬಹುದು. ಹಾಗೆ ಬ್ರೇಕ್ ಹಿಡಿದೇ ಇರುವ ಗಾಲಿ ಉಳಿದವಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಪಿನ್ನಿಗೆ ಹಚ್ಚಬೇಕಾದದ್ದು ಸಿಲಿಕೋನ್ ಗ್ರೀಸ್. ಕೈಗೆ ಸಿಕ್ಕ ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಬಿಗಿಯುತ್ತದೆ. ಡಿಸ್ಕನ್ನೇ ಬದಲಿಸುವ ಖರ್ಚಿನ ಮುಂದೆ ಪಿನ್ನಿಗೆ ಗ್ರೀಸ್ ಹಚ್ಚುವ ಈ ಕೆಲಸದ ಖರ್ಚು ಏನೇನೂ ಅಲ್ಲ.

ಖಾಸಗಿ ಕಾರುಗಳಿಗೆ ನೋಂದಣಿಯಾಗಿ 15 ವರ್ಷ ತುಂಬುವವರೆಗೆ ಫಿಟ್‌ನೆಸ್ ಪರೀಕ್ಷೆ ಕಡ್ಡಾಯವಿಲ್ಲದ ಕಾರಣ ಅಷ್ಟು ಕಾಲವೂ ಬ್ರೇಕ್ ನೋಡುವ ಹೊಣೆ ಗ್ಯಾರೇಜಿನವರದೇ ಆಗಿದೆ. ಅವರು ಪ್ರತಿ ಸರ್ವಿಸಿನಲ್ಲೂ ಒಳ ಮತ್ತು ಹೊರ ಪ್ಯಾಡುಗಳ ದಪ್ಪವನ್ನು ಅಳೆದು ಜಾಬ್ ಕಾರ್ಡಿನಲ್ಲಿ ಬರೆಯಬೇಕು, ತೆಗೆದ ಹಳೆಯ ಜೋಡಿಯನ್ನು ಗಿರಾಕಿಗೆ ತೋರಿಸಬೇಕು. ಜನವರಿಯ ರಸ್ತೆ ಸುರಕ್ಷತಾ ಮಾಸದಲ್ಲಿ ಸಾರಿಗೆ ಇಲಾಖೆಯು ಕರಪತ್ರ ಹಂಚುವುದರ ಜೊತೆಗೆ, ಸರ್ಕಾರಿ ಐಟಿಐಗಳ ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿಗಳ ನೆರವು ಪಡೆದು, ಗಾಲಿ ಬಿಚ್ಚಿ ಪ್ಯಾಡ್ ಮತ್ತು ಪಿನ್ ಪರೀಕ್ಷಿಸುವ ಉಚಿತ ಶಿಬಿರಗಳನ್ನು ಕಬ್ಬು ಸಾಗಿಸುವ ದಾರಿಯ ಊರುಗಳಲ್ಲಿ ನಡೆಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಬಾಗಲಕೋಟೆ