ಶಾಂಪೂ ಬಾಟಲಿ ಬಿಡುವ ಮುಂಚೆ

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ದಿನವಿಡೀ ಶಾಂಪೂ ಬಾಟಲಿ, ಕುರ್ತಿ, ಚಪ್ಪಲಿ ಫೋಟೋ ತೆಗೆದು ಸಾಕಾಗಿದೆ, ಕೆಲಸ ಬಿಟ್ಟು ನಿಜವಾದ ಫೋಟೋಗ್ರಫಿ ಮಾಡ್ತೀನಿ ಅಂತ ಬರೆದಿದ್ದೀಯ. ಬಿಡಲೇಬೇಡ ಅಂತ ನಾನು ಹೇಳೋದಿಲ್ಲ. ಆದರೆ ಅದಕ್ಕೆ ಮುಂಚೆ ಇರ್ವಿಂಗ್ ಪೆನ್ ಅನ್ನೋ ದೊಡ್ಡ ಫೋಟೋಗ್ರಾಫರ್ ಹೇಗೆ ದುಡಿದ ಅಂತ ಸ್ವಲ್ಪ ಕೇಳು. ಜಾಹೀರಾತು ಕಂಪನಿಯಲ್ಲಿ ಲೇಔಟ್ ಅಂಟಿಸುತ್ತಿದ್ದ ಕಾಲದಿಂದಲೂ ನನಗೆ ಈ ಮನುಷ್ಯನ ಹುಚ್ಚು.

1917ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದವನು. ಅವನಿಗೂ ನಿನ್ನ ಹಾಗೇ ಅನಿಸಿತ್ತು. ಜಾಹೀರಾತಿನ ಕೆಲಸ ಬಿಟ್ಟು, ಪೇಂಟಿಂಗ್ ಮಾಡ್ತೀನಿ ಅಂತ ಮೆಕ್ಸಿಕೋಗೆ ಹೋದ. ಬರೆದದ್ದು ತನಗೇ ಹಿಡಿಸಲಿಲ್ಲ, ವಾಪಸ್ ಬಂದ. 1943ರಲ್ಲಿ ವೋಗ್ ಅನ್ನೋ ಫ್ಯಾಶನ್ ಪತ್ರಿಕೆಯಲ್ಲಿ, ಅದರ ಆರ್ಟ್ ಡೈರೆಕ್ಟರ್ ಅಲೆಕ್ಸಾಂಡರ್ ಲಿಬರ್ಮನ್ ಕೈಕೆಳಗೆ ಸೇರಿದ. ಮುಖಪುಟಕ್ಕೆ ಐಡಿಯಾ ಕೊಡೋದು ಅವನ ಕೆಲಸ. ಅಲ್ಲಿನ ಫೋಟೋಗ್ರಾಫರುಗಳು ಈ ಹುಡುಗನ ಐಡಿಯಾಗಳಿಗೆ ಸೊಪ್ಪು ಹಾಕಲಿಲ್ಲ. ಕೊನೆಗೆ ಲಿಬರ್ಮನ್, ನೀನೇ ತೆಗಿ ಅಂದುಬಿಟ್ಟ. ಹಾಗೆ ಬಂತು ಅಕ್ಟೋಬರ್ 1ರ ಮುಖಪುಟ: ಚರ್ಮದ ಬ್ಯಾಗು, ಸ್ಕಾರ್ಫು, ಕೈಗವಸು, ಪಕ್ಕದಲ್ಲಿ ನಿಂಬೆ, ಕಿತ್ತಳೆ. ಒಂದು ಮುಖವೂ ಇಲ್ಲ. ಅಪ್ಪಟ ಪ್ರಾಡಕ್ಟ್ ಶೂಟ್, ಅಲ್ವಾ?

(ಯುದ್ಧದ ಕಾಲದಲ್ಲಿ ಆಂಬುಲೆನ್ಸ್ ಓಡಿಸುತ್ತಾ ನಮ್ಮ ದೇಶಕ್ಕೂ ಬಂದಿದ್ದ ಪುಣ್ಯಾತ್ಮ.)

ನನಗೆ ಬಹಳ ಇಷ್ಟವಾದದ್ದು 1948ರ ಕತೆ. ವೋಗ್‌ಗೆ ಫ್ಯಾಶನ್ ಫೋಟೋ ತೆಗೆಯಲು ಪೆರು ದೇಶಕ್ಕೆ ಹೋದ. ಒಪ್ಪಿಸಿದ ಕೆಲಸ ಮುಗಿಸಿ, ಆಂಡೀಸ್ ಬೆಟ್ಟಗಳ ನಡುವಿನ ಕುಸ್ಕೋ ಊರಿಗೆ ಹತ್ತಿದ. ಕ್ರಿಸ್‌ಮಸ್ ಸಮಯ. ಅಲ್ಲೊಂದು ಹಳೇ ಸ್ಟುಡಿಯೋ: ಕಲ್ಲು ನೆಲ, ಬಣ್ಣ ಬಳಿದ ಪರದೆ, ಒಂದು ಪಕ್ಕದಿಂದ ಬೆಳಕು. ಅದನ್ನು ಬಾಡಿಗೆಗೆ ಹಿಡಿದು, ಅಲ್ಲಿನ ಫೋಟೋಗ್ರಾಫರನನ್ನು ಹಬ್ಬಕ್ಕೆ ರಜೆ ಮೇಲೆ ಕಳಿಸಿದ. ಹಬ್ಬದ ಫೋಟೋ ತೆಗೆಸಿಕೊಳ್ಳಲು ಬೆಟ್ಟದ ಜನ ಬಂದರೆ ಬಾಗಿಲಲ್ಲಿ ಈ ಬಿಳಿಯ! ದುಡ್ಡು ತಗೊಳ್ಳೋ ಬದಲು ತಾನೇ ಅವರಿಗೆ ಕೊಟ್ಟು ನಿಲ್ಲಿಸಿದ. ಬರಿಗಾಲಿನ ಆ ಮಕ್ಕಳನ್ನು ನೋಡು. ಪ್ಯಾರಿಸ್ಸಿನ ಗೌನಿಗೆ ಕೊಟ್ಟಷ್ಟೇ ಗಮನ ಅವರ ಕಂಬಳಿಯ ಒಂದೊಂದು ಮಡಿಕೆಗೂ ಕೊಟ್ಟಿದ್ದಾನೆ.

1950ರಲ್ಲಿ ಪ್ಯಾರಿಸ್ಸಿನ ಹೊಸ ಫ್ಯಾಶನ್ ತೆಗೆಯಲು ಹೋದಾಗಲೂ ಇದೇ ಬುದ್ಧಿ. ಮಹಡಿ ಮೇಲಿನ ಕೋಣೆ, ಹಗಲು ಬೆಳಕು, ಹಿಂದೆ ಹಳೇ ನಾಟಕದ ಪರದೆ. ಅದೇ ಕೋಣೆಗೆ ಕಟುಕರು, ಅಡುಗೆಯವರು, ಬಲೂನು ಮಾರುವವರನ್ನೂ ಕರೆಸಿದ. ಕೆಲಸದ ಬಟ್ಟೆಯಲ್ಲೇ, ಕೈಯಲ್ಲಿ ಸಲಕರಣೆ ಹಿಡಿದು ಬನ್ನಿ ಅಂತ ಹೇಳಿಕಳಿಸುತ್ತಿದ್ದ. ಇದನ್ನೇ ಆಮೇಲೆ ಲಂಡನ್ನು, ನ್ಯೂಯಾರ್ಕಿನಲ್ಲೂ ಮಾಡಿದ. ನ್ಯೂಯಾರ್ಕಿನ ಕೆಲವರು ಮಾತ್ರ ಮಾತು ಕೇಳದೆ ಗಡ್ಡ ಬೋಳಿಸಿಕೊಂಡು ನೀಟಾಗಿ ಬಂದುಬಿಟ್ಟರಂತೆ!

ಇಷ್ಟೆಲ್ಲಾ ಮಾಡುವಾಗ ಜಾಹೀರಾತು ನಿಂತಿರಲಿಲ್ಲ. ಜೆಲ್ಲೋ ಅನ್ನೋ ಬ್ರ್ಯಾಂಡಿನ ಪುಡ್ಡಿಂಗ್ ಫೋಟೋ ತೆಗೆದ. 1960ರ ದಶಕದ ಕೊನೆಯಿಂದ ಕ್ಲಿನಿಕ್ ಅನ್ನೋ ಸೌಂದರ್ಯ ಸಾಮಗ್ರಿ ಕಂಪನಿಯ ಸೋಪು, ಕ್ರೀಮು. ಸುಂದರಿ ಇಲ್ಲ, ನಗು ಇಲ್ಲ; ಬರೀ ಸೀಸೆ, ಡಬ್ಬಿ, ಗಾಜಿನ ಲೋಟದಲ್ಲಿ ಒಂದು ಟೂತ್‌ಬ್ರಷ್. ಆ ಪಳಗಿದ ಕಣ್ಣಿನಿಂದಲೇ 1972ರಲ್ಲಿ ಬೀದಿಯಲ್ಲಿ ಬಿದ್ದ ಸಿಗರೇಟು ತುಂಡುಗಳನ್ನು ಹೆಕ್ಕಿ ತಂದು ತೆಗೆದ. ಕಾಗದಕ್ಕೆ ತಾನೇ ಪ್ಲಾಟಿನಂ ದ್ರಾವಣ ಬಳಿದು ದೊಡ್ಡದಾಗಿ ಪ್ರಿಂಟ್ ಮಾಡಿದ. 1975ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಅವು ಗೋಡೆ ಏರಿದವು. ಡಬ್ಬಿಗಳನ್ನು ಅಷ್ಟು ವರ್ಷ ನೋಡಿರದಿದ್ದರೆ ಆ ತುಂಡುಗಳು ಅವನ ಕಣ್ಣಿಗೇ ಬೀಳುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ನಿನ್ನ ಕೈಯಲ್ಲಿ ಸ್ಟುಡಿಯೋ ಇದೆ, ಲೈಟಿದೆ, ಬಿಳಿ ಹಿನ್ನೆಲೆ ಇದೆ. ಶೂಟ್ ಮುಗಿದ ಮೇಲೆ ಇನ್ನರ್ಧ ಗಂಟೆ ಅದನ್ನು ಬಿಚ್ಚಬೇಡ. ಕುರ್ತಿಗೆ ಇಸ್ತ್ರಿ ಹಾಕುವವರು, ಪ್ಯಾಕಿಂಗ್ ಮಾಡುವ ಅಕ್ಕಂದಿರು, ಡೆಲಿವರಿ ಹುಡುಗರು ಅಲ್ಲೇ ಇರ್ತಾರಲ್ಲ, ಒಬ್ಬೊಬ್ಬರನ್ನೇ ನಿಲ್ಲಿಸು. ಸುಮ್ನೆ ನಿಲ್ಲಿಸಬೇಡ, ಅವರ ಸಮಯಕ್ಕೆ ದುಡ್ಡು ಕೊಡು. ಆ ಬಾಬ್ತಿಗೆ ಅಂತ ಸ್ವಲ್ಪ ಹಣ ಕಳಿಸ್ತಾ ಇದ್ದೀನಿ, ಬೇಡ ಅನ್ನಬೇಡ. ತೆಗೆದದ್ದನ್ನು ಫೋನಿನಲ್ಲಿ ತೋರಿಸಬೇಡ, ಪ್ರಿಂಟ್ ಹಾಕಿಸಿಕೊಂಡು ಬಾ. ದೊಡ್ಡಮ್ಮನೂ ನೋಡಬೇಕಂತೆ.

ಇಂತಿ ನಿನ್ನ
ದೊಡ್ಡಪ್ಪ